ಟ್ಯುನೀಷಿಯಾದ ಕ್ರಾಂತಿ ಎಲ್ಲಿ ಎಡವಿತು?

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. 2011ರ ಅರಬ್ ಕ್ರಾಂತಿಗಳಲ್ಲಿ ಟ್ಯುನೀಷಿಯಾ ಒಂದೇ ಗೆದ್ದಿತು ಎಂದು ಓದಿದ್ದೆ. ಈಗ ಸುದ್ದಿ ನೋಡಿದರೆ ಅಲ್ಲಿ ವಿರೋಧ ಪಕ್ಷಗಳ ನಾಯಕರು ಜೈಲಿನಲ್ಲಿದ್ದಾರೆ. ಅಷ್ಟು ಕಷ್ಟಪಟ್ಟು ಒಬ್ಬ ಸರ್ವಾಧಿಕಾರಿಯನ್ನು ಓಡಿಸಿದ ಜನ ಇನ್ನೊಬ್ಬನನ್ನು ಯಾಕೆ ಒಪ್ಪಿಕೊಂಡರು? ಅರಬರಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ ಎಂದು ಮನೆಯಲ್ಲಿ ದೊಡ್ಡವರು ಹೇಳುತ್ತಾರೆ. ನಿಜವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಜವಲ್ಲ. ಟ್ಯುನೀಷಿಯಾದ ಜನ ಹತ್ತು ವರ್ಷ ಸಾಲಿನಲ್ಲಿ ನಿಂತು ವೋಟು ಹಾಕಿದರು. ಸರ್ಕಾರಗಳನ್ನು ಬದಲಾಯಿಸಿದರು. ಮಂತ್ರಿಗಳನ್ನು ಟಿವಿಯಲ್ಲೇ ತರಾಟೆಗೆ ತೆಗೆದುಕೊಂಡರು. ಚುನಾವಣೆಯಲ್ಲಿ ಸೋತವರು ಕುರ್ಚಿ ಬಿಟ್ಟು ಇಳಿದರು. ಒಗ್ಗದವರು ಇಷ್ಟೆಲ್ಲ ಮಾಡುತ್ತಾರಾ? ನಿಮ್ಮ ಮನೆಯ ದೊಡ್ಡವರಿಗೆ ಇದನ್ನು ಹೇಳಿ.

ಎಡವಿದ್ದು ಬೇರೆ ಕಡೆ. ಕ್ರಾಂತಿ ಹುಟ್ಟಿದ್ದು ಒಳನಾಡಿನ ಬಡ ಊರುಗಳಲ್ಲಿ. ಅದರ ಫಲವನ್ನು ಹಂಚಿಕೊಂಡದ್ದು ರಾಜಧಾನಿಯವರು. ರಾಜಕೀಯದ ನಿಯಮಗಳು ಪೂರ್ತಿ ಬದಲಾದವು, ಒಳನಾಡಿನ ಬದುಕು ಇದ್ದಲ್ಲೇ ಉಳಿಯಿತು. ಆ ಅಂತರದಲ್ಲೇ ಈಗಿನ ಅಧ್ಯಕ್ಷ ಕೈಸ್ ಸಯೀದ್ ಎಂಬ ಮನುಷ್ಯ ಬೆಳೆದ. ಇದು ನನ್ನ ಓದು. ಬೇರೆಯವರು ಇಸ್ಲಾಂವಾದಿಗಳು ಮತ್ತು ಸೆಕ್ಯುಲರ್ ಪಕ್ಷಗಳ ಜಗಳವನ್ನೇ ಮುಖ್ಯ ಕಾರಣ ಅಂತಾರೆ. ಆ ಜಗಳ ಇತ್ತು, ಜೋರಾಗಿಯೇ ಇತ್ತು. ಆದರೆ ಕ್ರಾಂತಿಯನ್ನು ಮುಳುಗಿಸಿದ್ದು ಅದಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಸಿದಿ ಬೌಜಿದ್‌ಗೆ ಹೋಗೋಣ. ದೇಶದ ಮಧ್ಯಭಾಗದ ಊರು, ಸುತ್ತ ಒಣ ಬಯಲು. 2010ರ ಡಿಸೆಂಬರ್ 17ರಂದು ಮೊಹಮ್ಮದ್ ಬೌಅಜೀಜಿ ಎಂಬ 26 ವರ್ಷದ ಹಣ್ಣು ವ್ಯಾಪಾರಿಯ ತಕ್ಕಡಿಯನ್ನು ಪುರಸಭೆಯವರು ಕಿತ್ತುಕೊಂಡರು. ಲೈಸೆನ್ಸ್ ಇಲ್ಲ ಎಂಬುದು ಅವರ ನೆಪ. ಆತ ಗವರ್ನರ್ ಕಚೇರಿಗೆ ಹೋಗಿ ಕೇಳಿದ. ಒಳಗೆ ಬಿಡಲಿಲ್ಲ. ಕಚೇರಿಯ ಎದುರೇ ಮೈಮೇಲೆ ಪೆಟ್ರೋಲು ಸುರಿದುಕೊಂಡು ಬೆಂಕಿ ಹಚ್ಚಿಕೊಂಡ. 2011ರ ಜನವರಿ 4ರಂದು ಆಸ್ಪತ್ರೆಯಲ್ಲಿ ತೀರಿಕೊಂಡ.

ಆತ ಕೆಲಸ ಸಿಗದ ಪದವೀಧರ ಎಂದು ಆಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದು ತಪ್ಪು. ಅವನು ಹೈಸ್ಕೂಲನ್ನೂ ಮುಗಿಸಿರಲಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಪದವೀಧರ ಎಂದ ಕೂಡಲೇ ಕಥೆ ನಗರದ ಓದಿದ ಯುವಕರದ್ದಾಗಿಬಿಡುತ್ತದೆ, ಮೊಬೈಲು, ಫೇಸ್‌ಬುಕ್ಕು ಹಿಡಿದವರದ್ದಾಗುತ್ತದೆ. ಓದಿದ ನಿರುದ್ಯೋಗಿಗಳು ಬೀದಿಗಿಳಿದದ್ದು ಹೌದು. ಆದರೆ ಮೊದಲ ಕಿಡಿ ಬಿದ್ದದ್ದು ದಿನಗೂಲಿಯವರು, ತಳ್ಳುಗಾಡಿಯವರು, ಗುತ್ತಿಗೆ ಕಾರ್ಮಿಕರು ಇರುವ ಕಡೆ.

ಒಳನಾಡು ಯಾಕೆ ಹಿಂದೆ ಬಿತ್ತು? ಸ್ವಾತಂತ್ರ್ಯ ಬಂದದ್ದು 1956ರಲ್ಲಿ. ಅಲ್ಲಿಂದ 2011ರವರೆಗೆ ದೇಶ ಆಳಿದವರು ಇಬ್ಬರೇ ಅಧ್ಯಕ್ಷರು. ಹಬೀಬ್ ಬೂರ್ಗಿಬಾ ಮೊನಾಸ್ತಿರ್‌ನವರು. ಜೈನ್ ಅಲ್ ಅಬಿದೀನ್ ಬೆನ್ ಅಲಿ ಹಮ್ಮಾಮ್ ಸೂಸ್‌ನವರು. ಎರಡೂ ಪೂರ್ವ ಕರಾವಳಿಯ ಊರುಗಳು. ಪ್ರವಾಸಿ ಹೋಟೆಲು, ಬಟ್ಟೆ ಕಾರ್ಖಾನೆ, ಬಂದರು, ಒಳ್ಳೆಯ ಆಸ್ಪತ್ರೆ ಎಲ್ಲ ಆ ಕರಾವಳಿಯಲ್ಲೇ ಸಾಲಾಗಿ ಎದ್ದವು. ಒಳನಾಡಿನಿಂದ ಹೋದದ್ದು ಗೋಧಿ, ಆಲಿವ್, ತರಕಾರಿ ಮತ್ತು ಫಾಸ್ಫೇಟ್ ಅದಿರು.

ಫಾಸ್ಫೇಟ್ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮ ರೈತರು ಹಾಕುವ ಡಿಎಪಿ ಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಸಿಡ್ ತರಿಸುವುದಕ್ಕಾಗಿ ಭಾರತದ ಎರಡು ಗೊಬ್ಬರ ಕಂಪನಿಗಳು ಟ್ಯುನೀಷಿಯಾದ ಸ್ಖಿರಾ ಎಂಬಲ್ಲಿನ ಕಾರ್ಖಾನೆಯಲ್ಲಿ ಪಾಲು ಹಾಕಿವೆ. ಅದಿರು ಬರುವುದು ಗಾಫ್ಸಾ ಗಣಿ ಪ್ರದೇಶದಿಂದ. ಕ್ರಾಂತಿಯ ನಿಜವಾದ ಮೊದಲ ಅಧ್ಯಾಯ ಅಲ್ಲಿಯೇ ನಡೆದಿತ್ತು, 2008ರಲ್ಲಿ. ಜನವರಿಯಲ್ಲಿ ಗಣಿ ಕಂಪನಿ ಕೆಲಸಕ್ಕೆ ಆಯ್ಕೆಯಾದವರ ಪಟ್ಟಿ ಹಾಕಿತು. ಪಟ್ಟಿಯ ತುಂಬ ಶಿಫಾರಸಿನವರೇ ಇದ್ದಾರೆ ಎಂದು ರೆದೆಯೆಫ್ ಪಟ್ಟಣದ ಜನ ತಿರುಗಿಬಿದ್ದರು. ಸುಮಾರು ಆರು ತಿಂಗಳು ಧರಣಿ ನಡೆಯಿತು. ಗಣಿಯಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರೂ ಬಂದು ಕೂತರು. ಸರ್ಕಾರ ಪೊಲೀಸರನ್ನೂ ಕೊನೆಗೆ ಸೈನ್ಯವನ್ನೂ ಕಳಿಸಿ ಅದನ್ನು ಅಡಗಿಸಿತು. ಹೊರಗಿನವರಿಗೆ ಹೆಚ್ಚಾಗಿ ಗೊತ್ತಾಗಲೇ ಇಲ್ಲ. ಒಳಗಿನವರು ಮರೆಯಲಿಲ್ಲ.

ಎರಡೂವರೆ ವರ್ಷದ ನಂತರ ಸಿದಿ ಬೌಜಿದ್ ಹೊತ್ತಿಕೊಂಡಾಗ ಕೈಜೋಡಿಸಿದ ಸಂಸ್ಥೆಯ ಹೆಸರು ಯುಜಿಟಿಟಿ. ಇದು ಟ್ಯುನೀಷಿಯಾದ ಕಾರ್ಮಿಕ ಸಂಘಗಳ ಒಕ್ಕೂಟ. 1946ರಲ್ಲಿ ಹುಟ್ಟಿದ್ದು, ಫ್ರೆಂಚರ ವಿರುದ್ಧದ ಹೋರಾಟದಲ್ಲೂ ಮುಂದೆ ನಿಂತಿದ್ದು. ಅದರ ಸ್ಥಾಪಕ ಫರ್ಹತ್ ಹಶೆದ್ ಅವರನ್ನು 1952ರಲ್ಲಿ ಕೊಂದಿದ್ದರು. ಬೆನ್ ಅಲಿ ಕಾಲದಲ್ಲಿ ರಾಜಧಾನಿಯ ಮುಖಂಡರು ಸರ್ಕಾರದ ಜೊತೆ ಹೊಂದಿಕೊಂಡು ಹೋಗುತ್ತಿದ್ದರು. ಆದರೆ ಪ್ರತಿ ಜಿಲ್ಲೆಯಲ್ಲೂ ಸಂಘದ ಕಚೇರಿ ಇತ್ತು. ಅಲ್ಲಿ ಮೇಷ್ಟ್ರುಗಳು, ಅಂಚೆಯವರು, ಆರೋಗ್ಯ ಇಲಾಖೆಯವರು ಇದ್ದರು. ಅವರಿಗೆ ಸಭೆ ಸೇರಿಸಿ ಗೊತ್ತು, ಮೆರವಣಿಗೆ ನಡೆಸಿ ಗೊತ್ತು, ಬಂಧನವಾದವರಿಗೆ ವಕೀಲರನ್ನು ಹಿಡಿಸಿ ಗೊತ್ತು. ಬೇರೆ ಎಲ್ಲ ಬಾಗಿಲು ಮುಚ್ಚಿದ್ದ ದೇಶದಲ್ಲಿ ಜನ ಸೇರಲು ಇದ್ದ ಜಾಗ ಅದೊಂದೇ. ಫೇಸ್‌ಬುಕ್ ವಿಡಿಯೊಗಳು ಸುದ್ದಿ ಹರಡಿದವು, ಅಲ್ ಜಜೀರಾ ಟಿವಿ ಅವನ್ನು ಮನೆಮನೆಗೆ ಮುಟ್ಟಿಸಿತು, ಆ ಮಾತು ಸರಿ. ಮುಷ್ಕರ ಮಾಡಿಸಿದ್ದು ಮಾತ್ರ ಈ ಮೇಷ್ಟ್ರುಗಳು.

ಜನವರಿ 8ರಿಂದ 10ರ ನಡುವೆ ಒಳನಾಡಿನ ಕಸ್ಸೆರೀನ್ ಮತ್ತು ತಾಲಾದಲ್ಲಿ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಆಮೇಲೆ ಯಾರೂ ಹಿಂದೆ ನೋಡಲಿಲ್ಲ. 12ರಂದು ಸ್ಫಾಕ್ಸ್ ನಗರ ಪೂರ್ತಿ ಬಂದ್ ಆಯಿತು. 13ರ ರಾತ್ರಿ ಬೆನ್ ಅಲಿ ಟಿವಿಗೆ ಬಂದು, ಎಂದೂ ಇಲ್ಲದ ಹಾಗೆ ಆಡುಮಾತಿನಲ್ಲಿ, ನಿಮ್ಮ ಮಾತು ನನಗೆ ಅರ್ಥವಾಯಿತು ಎಂದ. ಮರುದಿನ ರಾಜಧಾನಿಯ ಬೂರ್ಗಿಬಾ ರಸ್ತೆಯಲ್ಲಿ ಗೃಹ ಇಲಾಖೆಯ ಕಟ್ಟಡದ ಎದುರು ಜನಸಾಗರ. ಸಂಜೆ ಹೊತ್ತಿಗೆ ಅವನು ವಿಮಾನ ಹತ್ತಿ ಸೌದಿ ಅರೇಬಿಯಾ ಸೇರಿದ್ದ. 23 ವರ್ಷದ ಆಳ್ವಿಕೆ 29ನೇ ದಿನಕ್ಕೆ ಮುಗಿಯಿತು.

ಇಲ್ಲಿ ಸೈನ್ಯದ ಬಗ್ಗೆಯೂ ಹೇಳಬೇಕು. ಈಜಿಪ್ಟಿನಲ್ಲಿ ಸೈನ್ಯವೇ ದೊಡ್ಡ ಜಮೀನ್ದಾರ, ದೊಡ್ಡ ವ್ಯಾಪಾರಿ. ಅದಕ್ಕೇ 2013ರ ಜುಲೈನಲ್ಲಿ ಅದು ಚುನಾಯಿತ ಅಧ್ಯಕ್ಷ ಮೊರ್ಸಿಯನ್ನು ಎಳೆದು ಹಾಕಿತು. ಟ್ಯುನೀಷಿಯಾದ ಸೈನ್ಯ ಚಿಕ್ಕದು. ಬೂರ್ಗಿಬಾ, ಬೆನ್ ಅಲಿ ಇಬ್ಬರೂ ಅದನ್ನು ಅಧಿಕಾರದಿಂದ ದೂರ ಇಟ್ಟಿದ್ದರು, ಪೊಲೀಸರನ್ನು ಬೆಳೆಸಿದ್ದರು. ಹಾಗಾಗಿ ಜನರಲ್‌ಗಳಿಗೆ ಉಳಿಸಿಕೊಳ್ಳಬೇಕಾದ ಆಸ್ತಿ ಇರಲಿಲ್ಲ. ಟ್ಯುನೀಷಿಯಾಕ್ಕೆ ಹತ್ತು ವರ್ಷದ ಉಸಿರು ಸಿಕ್ಕಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ಮುಂದಿನ ಮೂರು ವರ್ಷಗಳ ಕಥೆ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ. 2011ರ ಅಕ್ಟೋಬರ್ 23ರಂದು ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆಯಿತು. 217 ಸ್ಥಾನಗಳಲ್ಲಿ ಇಸ್ಲಾಂವಾದಿ ಎನ್ನಹ್ದಾ ಪಕ್ಷ 89 ಗೆದ್ದಿತು. 2013ರಲ್ಲಿ ಇಬ್ಬರು ಎಡಪಂಥೀಯ ನಾಯಕರ ಹತ್ಯೆಯಾಯಿತು, ಫೆಬ್ರುವರಿಯಲ್ಲಿ ಶೋಕ್ರಿ ಬೆಲೈದ್, ಜುಲೈನಲ್ಲಿ ಮೊಹಮ್ಮದ್ ಬ್ರಾಹ್ಮಿ. ದೇಶ ಒಡೆದೇ ಹೋಗುತ್ತದೆ ಅನ್ನುವ ಹೊತ್ತಿಗೆ ಯುಜಿಟಿಟಿ, ಉದ್ಯಮಿಗಳ ಒಕ್ಕೂಟ, ಮಾನವ ಹಕ್ಕುಗಳ ಸಂಘ, ವಕೀಲರ ಸಂಘ ನಾಲ್ಕೂ ಸೇರಿ ಎಲ್ಲರನ್ನೂ ಮಾತಿಗೆ ಕೂರಿಸಿದವು. ಎನ್ನಹ್ದಾ ಅಧಿಕಾರ ಬಿಟ್ಟುಕೊಟ್ಟಿತು. 2014ರ ಜನವರಿ 26ರಂದು 200 ಮತಗಳ ಬೆಂಬಲದಿಂದ ಹೊಸ ಸಂವಿಧಾನ ಪಾಸಾಯಿತು. ವಿರೋಧ ಬಂದದ್ದು 12 ಮತ ಮಾತ್ರ. ಆ ನಾಲ್ಕು ಸಂಸ್ಥೆಗಳಿಗೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದಕ್ಕೇ ನಾನು ಧರ್ಮದ ಜಗಳವನ್ನು ಮುಖ್ಯ ಕಾರಣ ಅಂತ ಒಪ್ಪುವುದಿಲ್ಲ. ಆ ಜಗಳವನ್ನು ಅವರು ಮಾತಿನಲ್ಲೇ ಬಗೆಹರಿಸಿಕೊಂಡಿದ್ದರು. ಜಗತ್ತಿನಲ್ಲಿ ಅಪರೂಪಕ್ಕೆ ಆಗುವ ಕೆಲಸ ಅದು.

ಹಾಗಾದರೆ ಬಗೆಹರಿಯದೆ ಉಳಿದದ್ದು ಯಾವುದು? ದುಡ್ಡು ಮತ್ತು ನ್ಯಾಯ.

ದುಡ್ಡಿನ ಮಾತು ಮೊದಲು. 2010ರ ಕೊನೆಗೆ ಬೆನ್ ಅಲಿ ಕುಟುಂಬದ ಕೈಯಲ್ಲಿ 220 ಕಂಪನಿಗಳಿದ್ದವು. ಖಾಸಗಿ ವಲಯದ ಒಟ್ಟು ಲಾಭದಲ್ಲಿ 21 ಶೇಕಡಾ ಇವುಗಳಿಗೇ ಹೋಗುತ್ತಿತ್ತು ಎಂದು ವಿಶ್ವಬ್ಯಾಂಕಿನ ಅಧ್ಯಯನ 2014ರಲ್ಲಿ ಲೆಕ್ಕ ಕೊಟ್ಟಿತು. ಕ್ರಾಂತಿಯ ನಂತರ ಆ ಕಂಪನಿಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಆದರೆ ಆ ಕುಟುಂಬಕ್ಕೆ ದಾರಿ ಮಾಡಿಕೊಟ್ಟಿದ್ದ ನಿಯಮಗಳು ಹಾಗೇ ಉಳಿದವು. ಯಾವ ವ್ಯಾಪಾರಕ್ಕೆ ಯಾರಿಗೆ ಪರವಾನಗಿ, ಯಾವ ಬ್ಯಾಂಕು ಯಾರಿಗೆ ಸಾಲ ಕೊಡುತ್ತದೆ ಎಂಬುದು ಬದಲಾಗಲಿಲ್ಲ. ಹಳೆಯ ದೊಡ್ಡ ಮನೆತನಗಳಿಗೆ ಒಬ್ಬ ಪ್ರತಿಸ್ಪರ್ಧಿ ಕಡಿಮೆಯಾದ, ಅಷ್ಟೆ.

ಸಿದಿ ಬೌಜಿದ್‌ನ ಹುಡುಗರಿಗೆ ಏನು ಸಿಕ್ಕಿತು? ಒಂದಷ್ಟು ಸರ್ಕಾರಿ ನೌಕರಿ. ಗಲಾಟೆ ಜಾಸ್ತಿಯಾದ ಕಡೆಯೆಲ್ಲ ಸರ್ಕಾರ ಹಾಗೇ ಒಂದಿಷ್ಟು ಕೆಲಸ ಕೊಟ್ಟು ಸಮಾಧಾನ ಮಾಡಿತು. ಸಂಬಳದ ಖರ್ಚು ಏರಿತು, ಸಾಲವೂ ಏರಿತು. ಅತ್ತ ಗಣಿಗಳಲ್ಲಿ ಕೆಲಸ ಕೇಳುವವರು ರೈಲು ಹಳಿಯ ಮೇಲೆ ಕೂತರು. 2010ರಲ್ಲಿ ವರ್ಷಕ್ಕೆ 80 ಲಕ್ಷ ಟನ್ ತೆಗೆಯುತ್ತಿದ್ದ ಫಾಸ್ಫೇಟ್ ಮರುವರ್ಷವೇ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು. 2015ರಲ್ಲಿ ಬಾರ್ದೊ ಮ್ಯೂಸಿಯಂ ಮತ್ತು ಸೂಸ್ ಕಡಲತೀರದ ಮೇಲೆ ಉಗ್ರರ ದಾಳಿ ನಡೆಯಿತು. ಸೂಸ್ ಒಂದರಲ್ಲೇ 38 ಜನ ಸತ್ತರು. ಪ್ರವಾಸೋದ್ಯಮ ನೆಲಕಚ್ಚಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸಾಲ ಕೊಟ್ಟಿತು, ಜೊತೆಗೆ ಖರ್ಚು ಕಡಿಮೆ ಮಾಡಿ ಎಂದಿತು. ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ ಹತ್ತು ಸರ್ಕಾರಗಳು ಬಂದು ಹೋದವು. ಒಳನಾಡಿನ ಹುಡುಗರು ದೋಣಿ ಹತ್ತಿ ಇಟಲಿಯ ಲ್ಯಾಂಪೆದೂಸಾ ದ್ವೀಪದ ಕಡೆ ಹೊರಟರು. ಎಷ್ಟೋ ಜನ ದಾರಿಯಲ್ಲೇ ಮುಳುಗಿದರು.

ನ್ಯಾಯದ ಮಾತು ಇದಕ್ಕಿಂತ ನೋವಿನದು. 2016ರ ನವೆಂಬರ್‌ನಲ್ಲಿ, ಹಳೆಯ ಆಡಳಿತದ ದೌರ್ಜನ್ಯಗಳ ತನಿಖೆಗೆಂದು ರಚಿಸಿದ್ದ ಸತ್ಯ ಮತ್ತು ಘನತೆ ಆಯೋಗ ಬಹಿರಂಗ ವಿಚಾರಣೆ ಶುರು ಮಾಡಿತು. ಆಯೋಗಕ್ಕೆ 62 ಸಾವಿರಕ್ಕೂ ಜಾಸ್ತಿ ದೂರುಗಳು ಬಂದಿದ್ದವು. ವಿಚಾರಣೆಗೆ ಆರಿಸಿದ ಜಾಗ ನೋಡಿ: ಬೆನ್ ಅಲಿಯ ಹೆಂಡತಿ ಲೈಲಾ ತನ್ನ ಗೆಳತಿಯರಿಗಾಗಿ ಇಟ್ಟುಕೊಂಡಿದ್ದ ಸಮುದ್ರದ ಕಡೆಯ ಕ್ಲಬ್ಬು. ಅಲ್ಲಿ ಗುಂಡೇಟಿಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಮೈಕಿನ ಮುಂದೆ ಕೂತು ಮಾತಾಡಿದರು. ದಶಕಗಳ ಹಿಂದೆ ಚಿತ್ರಹಿಂಸೆ ಅನುಭವಿಸಿದವರು ಮಾತಾಡಿದರು. ಇಡೀ ದೇಶ ಟಿವಿಯಲ್ಲಿ ನೇರವಾಗಿ ನೋಡಿತು. ಅರಬ್ ಜಗತ್ತಿನಲ್ಲಿ ಇಂಥದ್ದು ಬಹಳ ಅಪರೂಪ.

ಆದರೆ ಮರುವರ್ಷವೇ ಸಂಸತ್ತು ಹಳೆಯ ಆಡಳಿತದಲ್ಲಿ ಭ್ರಷ್ಟಾಚಾರಕ್ಕೆ ಸಹಕರಿಸಿದ ಅಧಿಕಾರಿಗಳಿಗೆ ಮಾಫಿ ಕೊಡುವ ಕಾನೂನು ಮಾಡಿತು. ಯುವಕರು ‘ನಾನು ಕ್ಷಮಿಸಲ್ಲ’ ಎಂದು ಘೋಷಣೆ ಕೂಗಿ ಬೀದಿಗೆ ಬಂದರೂ ಪ್ರಯೋಜನವಾಗಲಿಲ್ಲ. ಗುಂಡು ಹಾರಿಸಿದ ಆರೋಪ ಹೊತ್ತ ಪೊಲೀಸ್ ಅಧಿಕಾರಿಗಳು ಕೋರ್ಟಿಗೆ ಬರಲೇ ಇಲ್ಲ. ಕ್ರಾಂತಿಯಲ್ಲಿ 338 ಜನ ಸತ್ತರು ಎಂದು ತನಿಖಾ ಆಯೋಗ 2012ರಲ್ಲೇ ಹೇಳಿತ್ತು. ಹುತಾತ್ಮರ ಅಧಿಕೃತ ಪಟ್ಟಿ ಗೆಜೆಟ್‌ನಲ್ಲಿ ಬಂದದ್ದು 2021ರ ಮಾರ್ಚ್‌ನಲ್ಲಿ. ಅದರಲ್ಲಿ ಇದ್ದದ್ದು 129 ಹೆಸರು. ಮಗ ಹುತಾತ್ಮ ಎಂದು ಒಂದು ಕಾಗದದಲ್ಲಿ ಬರೆಸಿಕೊಳ್ಳಲು ಆ ತಾಯಂದಿರು ಹತ್ತು ವರ್ಷ ಕಚೇರಿ ಅಲೆದರು. ಈ ಸಂಕಟ ನನಗೆ ಎಲ್ಲ ಅಂಕಿಅಂಶಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಕೈಸ್ ಸಯೀದ್. ವಿಶ್ವವಿದ್ಯಾಲಯದಲ್ಲಿ ಸಂವಿಧಾನ ಕಾನೂನು ಪಾಠ ಮಾಡಿ ನಿವೃತ್ತರಾದವರು. ಪಕ್ಷವಿಲ್ಲ, ದುಡ್ಡಿಲ್ಲ, ಹಗರಣವಿಲ್ಲ. ಗ್ರಾಂಥಿಕ ಅರಬ್ಬಿಯಲ್ಲಿ ಬಿಗಿಯಾಗಿ ಮಾತಾಡುತ್ತಾರೆ. ಪಕ್ಷಗಳೆಲ್ಲ ಕಳ್ಳರ ಸಂತೆ, ಅಧಿಕಾರ ನೇರವಾಗಿ ಹಳ್ಳಿಯ ಜನರಿಗೆ ಸೇರಬೇಕು ಎಂಬುದು ಅವರ ಮಾತಿನ ಸಾರ. 2019ರ ಅಕ್ಟೋಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ 72 ಶೇಕಡಾಕ್ಕೂ ಜಾಸ್ತಿ ಮತ ಪಡೆದು ಗೆದ್ದರು. ಯುವಕರು ಮುಗಿಬಿದ್ದು ವೋಟು ಹಾಕಿದರು. ಅವರು ಮಾಡಿದ ಒಂದು ಕೆಲಸ ಗಮನಿಸಿ. ಕ್ರಾಂತಿ ದಿನವನ್ನು ಜನವರಿ 14ರಿಂದ ತೆಗೆದು ಡಿಸೆಂಬರ್ 17ಕ್ಕೆ ಹಾಕಿದರು. ಅಂದರೆ ರಾಜಧಾನಿಯ ದಿನ ಬಿಟ್ಟು ಸಿದಿ ಬೌಜಿದ್‌ನ ದಿನ. ಒಳನಾಡಿನ ಗಾಯ ಎಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

2021ರ ಜುಲೈ ನೆನಪಿಸಿಕೊಳ್ಳಿ. ಜನಸಂಖ್ಯೆಗೆ ಹೋಲಿಸಿದರೆ ಆಫ್ರಿಕಾ ಖಂಡದಲ್ಲೇ ಅತಿ ಹೆಚ್ಚು ಕೊರೊನಾ ಸಾವು ಕಂಡ ದೇಶಗಳಲ್ಲಿ ಟ್ಯುನೀಷಿಯಾ ಒಂದಾಗಿತ್ತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲ. ಸಂಸತ್ತಿನಲ್ಲಿ ಮಾತ್ರ ದಿನಾ ಜಗಳ, ಒಬ್ಬ ಸದಸ್ಯ ಸದನದೊಳಗೇ ವಿರೋಧ ಪಕ್ಷದ ನಾಯಕಿಗೆ ಹೊಡೆದ. ಜುಲೈ 25ರ ರಾತ್ರಿ ಸಯೀದ್ ಪ್ರಧಾನಿಯನ್ನು ತೆಗೆದರು, ಸಂಸತ್ತನ್ನು ಸ್ಥಗಿತಗೊಳಿಸಿದರು, ಗೇಟಿಗೆ ಸೈನ್ಯ ನಿಲ್ಲಿಸಿದರು. ಜನ ಕಾರಿನ ಹಾರನ್ ಹೊಡೆಯುತ್ತಾ ಬೀದಿಯಲ್ಲಿ ಕುಣಿದರು. ನಿಮ್ಮ ಪ್ರಶ್ನೆಗೆ ಉತ್ತರ ಆ ರಾತ್ರಿಯಲ್ಲಿದೆ. ಅವರು ಕುಣಿದದ್ದು ಸರ್ವಾಧಿಕಾರ ಬಂತು ಅಂತಲ್ಲ. ಕೆಲಸಕ್ಕೆ ಬಾರದ ಸಂಸತ್ತಿನ ಕಾಟ ತಪ್ಪಿತು ಅಂತ.

ತಡೆಯುವ ದಾರಿ ಕಾಗದದ ಮೇಲೆ ಇತ್ತು. ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾದ ನೀವು ಈ ಭಾಗವನ್ನು ಎರಡು ಸಲ ಓದಿ. ಸಂವಿಧಾನದ 80ನೇ ವಿಧಿ ಅಧ್ಯಕ್ಷರಿಗೆ ತುರ್ತು ಅಧಿಕಾರ ಕೊಟ್ಟಿತ್ತು. ಆದರೆ ಆ ಹೊತ್ತಿನಲ್ಲಿ ಸಂಸತ್ತು ನಡೆಯುತ್ತಲೇ ಇರಬೇಕು. 30 ದಿನದ ನಂತರ, ಈ ತುರ್ತು ಇನ್ನೂ ಬೇಕಾ ಎಂದು ಸಂವಿಧಾನ ನ್ಯಾಯಾಲಯವನ್ನು ಕೇಳಬಹುದು. ತೊಂದರೆ ಏನೆಂದರೆ ಆ ನ್ಯಾಯಾಲಯವೇ ಇರಲಿಲ್ಲ. 12 ನ್ಯಾಯಾಧೀಶರಲ್ಲಿ ನಾಲ್ವರನ್ನು ಸಂಸತ್ತು ಮೂರನೇ ಎರಡು ಬಹುಮತದಿಂದ ಆರಿಸಬೇಕಿತ್ತು. ಏಳು ವರ್ಷದಲ್ಲಿ ಪಕ್ಷಗಳು ಒಪ್ಪಿ ಆರಿಸಿದ್ದು ಒಬ್ಬರನ್ನು ಮಾತ್ರ. ಪ್ರತಿ ಪಕ್ಷಕ್ಕೂ ತನ್ನವನೇ ಆಗಬೇಕು. 2021ರ ಏಪ್ರಿಲ್ ಹೊತ್ತಿಗೆ ಎಚ್ಚೆತ್ತು ಬಹುಮತದ ನಿಯಮ ಸಡಿಲ ಮಾಡಲು ಹೋದರು. ಗಡುವು ಎಂದೋ ಮುಗಿದಿದೆ ಎಂದು ಸಯೀದ್ ಸಹಿ ಹಾಕಲಿಲ್ಲ. ಬೇಲಿ ಹಾಕದೆ ಬಿಟ್ಟ ಹೊಲದಂತಾಯಿತು ಆ ಸಂವಿಧಾನ. ಒಳಗೆ ನುಗ್ಗಿದ್ದು ಸಯೀದ್ ನಿಜ. ಬೇಲಿ ಹಾಕದವರು ಕ್ರಾಂತಿಯ ಹೆಸರಲ್ಲಿ ಗೆದ್ದು ಬಂದ ಪಕ್ಷಗಳು.

ಆಮೇಲಿನದ್ದು ಬೇಗ ಬೇಗ ನಡೆಯಿತು. 2022ರ ಮಾರ್ಚ್‌ನಲ್ಲಿ ಸಂಸತ್ತಿನ ವಿಸರ್ಜನೆ. ಜೂನ್‌ನಲ್ಲಿ ಒಂದೇ ಏಟಿಗೆ 57 ನ್ಯಾಯಾಧೀಶರ ವಜಾ. ಜುಲೈನಲ್ಲಿ ಹೊಸ ಸಂವಿಧಾನಕ್ಕೆ ಜನಮತ, 94 ಶೇಕಡಾ ‘ಹೌದು’, ಆದರೆ ಮತ ಹಾಕಿದವರು 30 ಶೇಕಡಾದಷ್ಟು ಮಾತ್ರ. ಡಿಸೆಂಬರ್‌ನ ಸಂಸತ್ ಚುನಾವಣೆಗೆ 11 ಶೇಕಡಾ ಜನ ಬಂದರು. ಸುಳ್ಳು ಸುದ್ದಿ ತಡೆಯುವ ಹೆಸರಲ್ಲಿ 54ನೇ ಸುಗ್ರೀವಾಜ್ಞೆ ಬಂತು. ಸರ್ಕಾರಿ ಅಧಿಕಾರಿಯ ಬಗ್ಗೆ ‘ಸುಳ್ಳು’ ಹೇಳಿದರೆ ಅದರಡಿ ಹತ್ತು ವರ್ಷದವರೆಗೆ ಜೈಲು. 2023ರಿಂದ ಬಂಧನಗಳ ಸರಣಿ, ಎನ್ನಹ್ದಾದ ನಾಯಕ ರಶೀದ್ ಘನ್ನೂಷಿಯೂ ಒಳಗೆ, ಆ ಪಕ್ಷವನ್ನು ಕಂಡರಾಗದ ವಿರೋಧ ಪಕ್ಷದ ನಾಯಕಿ ಅಬೀರ್ ಮೂಸಿಯೂ ಒಳಗೆ. 2024ರ ಮೇ ತಿಂಗಳಲ್ಲಿ ಟಿವಿ ಚರ್ಚೆಯ ಒಂದು ಮಾತಿಗಾಗಿ ಸೋನಿಯಾ ದಹ್ಮಾನಿ ಎಂಬ ವಕೀಲೆಯನ್ನು ಹಿಡಿಯಲು ಮುಖ ಮುಚ್ಚಿಕೊಂಡ ಪೊಲೀಸರು ವಕೀಲರ ಸಂಘದ ಕಟ್ಟಡಕ್ಕೇ ನುಗ್ಗಿದರು. ಒಂಬತ್ತು ವರ್ಷದ ಹಿಂದೆ ನೊಬೆಲ್ ಪಡೆದ ಅದೇ ಸಂಘ. ಸತ್ಯ ಆಯೋಗದ ಅಧ್ಯಕ್ಷೆಯಾಗಿದ್ದ ಸಿಹೆಮ್ ಬೆನ್ಸೆದ್ರೀನ್ ಅವರನ್ನೂ ಅದೇ ವರ್ಷ ಬಂಧಿಸಿದರು.

ಇದನ್ನೆಲ್ಲ ಕೇಳಿ ಕೆಲವರು, ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಯಾಕೆ ಬೇಕಿತ್ತು ಅಂತಾರೆ. ಸ್ವಾತಂತ್ರ್ಯ ಬಿಟ್ಟು ಅನ್ನದ ದಾರಿ ನೋಡಬೇಕಿತ್ತು ಎಂಬ ಅರ್ಥದಲ್ಲಿ. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಸ್ವಾತಂತ್ರ್ಯ ಹೋದ ಮೇಲೆ ಅನ್ನವೇನೂ ಬರಲಿಲ್ಲ. ಸಯೀದ್ ಕಾಲದಲ್ಲೇ ಸಕ್ಕರೆ, ಹಾಲು, ಬ್ರೆಡ್ಡಿಗೆ ಸಾಲು ನಿಲ್ಲಬೇಕಾಯಿತು. ಮೊದಲಾದರೆ ಅದರ ಬಗ್ಗೆ ಮಂತ್ರಿಯನ್ನು ಕೇಳಬಹುದಿತ್ತು, ಈಗ ಕೇಳುವುದಕ್ಕೂ ಧೈರ್ಯ ಬೇಕು. 2024ರ ಅಕ್ಟೋಬರ್‌ನಲ್ಲಿ ಅವರು 90 ಶೇಕಡಾ ಮತ ಪಡೆದು ಮತ್ತೆ ಗೆದ್ದರು. ಎದುರು ನಿಂತವರಲ್ಲಿ ಒಬ್ಬರು ಜೈಲಿನಿಂದಲೇ ಸ್ಪರ್ಧಿಸಿದ್ದರು. ಮತದಾನ 29 ಶೇಕಡಾ ಕೂಡ ಮುಟ್ಟಲಿಲ್ಲ. ಜನ ಒಪ್ಪಿಕೊಂಡರು ಎಂದು ನೀವು ಬರೆದಿದ್ದೀರಿ, ಅಲ್ವಾ? ಮನೆಯಲ್ಲೇ ಉಳಿದ ಆ 71 ಶೇಕಡಾ ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮುಂದೇನಾಗಬಹುದು ಎಂದು ತಿಳಿಯಬೇಕಾದರೆ ರಾಜಧಾನಿಯ ಸುದ್ದಿಗಿಂತ ಗಾಬೆಸ್ ಕಡೆ ಗಮನ ಇಡಿ. ದಕ್ಷಿಣದ ಕರಾವಳಿ ಊರು. ಗಾಫ್ಸಾದ ಫಾಸ್ಫೇಟನ್ನು ಅಲ್ಲಿನ ಸರ್ಕಾರಿ ರಾಸಾಯನಿಕ ಕಾರ್ಖಾನೆ ಸಂಸ್ಕರಿಸುತ್ತದೆ. ದಶಕಗಳಿಂದ ಅದರ ತ್ಯಾಜ್ಯ ಸಮುದ್ರಕ್ಕೆ, ಹೊಗೆ ಊರಿಗೆ. ಹಾಳುಗೆಡವುವ ಘಟಕಗಳನ್ನು ಕಿತ್ತು ಹಾಕುತ್ತೇವೆ ಎಂದು ಸರ್ಕಾರ 2017ರಲ್ಲೇ ಮಾತು ಕೊಟ್ಟಿತ್ತು. 2025ರ ಅಕ್ಟೋಬರ್‌ನಲ್ಲಿ ಶಾಲಾ ಮಕ್ಕಳು ಉಸಿರುಗಟ್ಟಿ ಆಸ್ಪತ್ರೆ ಸೇರಿದಾಗ ಇಡೀ ಊರು ಬೀದಿಗೆ ಬಂತು. ಯುಜಿಟಿಟಿಯ ಸ್ಥಳೀಯ ಘಟಕ ಮುಷ್ಕರಕ್ಕೆ ಕರೆ ಕೊಟ್ಟಿತು. ಅಂಗಡಿ, ಶಾಲೆ, ಕಚೇರಿ ಎಲ್ಲ ಬಂದ್ ಆದವು. ಅವರ ಬೇಡಿಕೆ ಇಷ್ಟೇ: ಕೊಟ್ಟ ಮಾತಿನಂತೆ ಆ ಘಟಕಗಳನ್ನು ಇಲ್ಲಿಂದ ತೆಗೆಯಿರಿ.